ಬೂದು ಬಟ್ಟೆಯ ಮೇಲಿನ ನಾಯ್ಸ್

ನಮ್ಮ ಮನೆಯವರು ಫೋಟೋ ತೆಗೆಯುವುದಿಲ್ಲ, ಕ್ಯಾಮೆರಾ ಪರೀಕ್ಷೆ ಮಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಬೀದಿಯವರೆಲ್ಲ ಇವರನ್ನು ದೊಡ್ಡ ಫೋಟೋಗ್ರಾಫರ್ ಅಂದುಕೊಂಡಿದ್ದಾರೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ ಅಂತ ಫೋಟೋ ಬೇಕಾದವರು ಅಲ್ಲಿಗೆ ಬರುತ್ತಾರೆ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲರ್ ಸರಿಮಾಡಿ, ಗದ್ದ ಎತ್ತಿಸಿ, ಗುಂಡಿ ಒತ್ತುವವಳು ನಾನು. ಇವರು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಒಂದು ಬಟ್ಟೆಯ ಮೊಲವನ್ನು ಮೇಜಿನ ಮೇಲೆ ಕೂರಿಸಿ, ಅದರ ಫೋಟೋ ತೆಗೆಯುತ್ತಿರುತ್ತಾರೆ. ಅದೇ ಮೊಲ, ಅದೇ ಮೇಜು, ಅದೇ ದೀಪ. ಬದಲಾಗುವುದು ಐಎಸ್‌ಒ ಒಂದೇ.

ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾದಲ್ಲಿ ಐಎಸ್‌ಒ ಅನ್ನುವ ಸಂಖ್ಯೆಯನ್ನು ಏರಿಸುತ್ತಾರೆ. ಏರಿಸಿದಷ್ಟೂ ಕತ್ತಲೆಯಲ್ಲಿದ್ದದ್ದು ಕಾಣಿಸತೊಡಗುತ್ತದೆ, ಜೊತೆಗೆ ಚಿತ್ರದ ತುಂಬ ಮರಳು ಎರಚಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳೂ ಏಳುತ್ತವೆ. ಅದಕ್ಕೆ ನಾಯ್ಸ್ ಅಂತ ಹೆಸರು. ಚಿತ್ರದಲ್ಲಿ ಇರುವ ಮನುಷ್ಯನನ್ನು ನೋಡುವವರಿಗೆ ಅದೇನೂ ದೊಡ್ಡ ವಿಷಯವಲ್ಲ. ನಮ್ಮವರಿಗೆ ಮನುಷ್ಯನ ಗೊಡವೆಯೇ ಬೇಕಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮೊಲದ ಕಿವಿಯನ್ನು ಬಾಗಿಲಿನಷ್ಟು ದೊಡ್ಡದು ಮಾಡಿ, ಅದರ ನೆರಳಿನಲ್ಲಿ ಚುಕ್ಕೆ ಹುಡುಕುತ್ತಾ ಕೂತರೆ ಊಟಕ್ಕೆ ಕರೆದರೂ ಕಿವಿಗೆ ಬೀಳುವುದಿಲ್ಲ.

ಇಂಥವರೇ ಇನ್ನೊಂದಷ್ಟು ಜನ ಸೇರಿ ಒಂದು ಕ್ಯಾಮೆರಾ ಕೂಟ ಕಟ್ಟಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಸೇರಿ ಒಬ್ಬರ ಮೊಲವನ್ನು ಇನ್ನೊಬ್ಬರು ಹೊಗಳುತ್ತಾರೆ. ಅಲ್ಲಿ ಇವರನ್ನು ‘ನಾಯ್ಸ್ ಗುರುಗಳು’ ಅಂತ ಕರೆಯುತ್ತಾರೆ. ಅರ್ಧ ತಮಾಷೆಗೆ ಇಟ್ಟ ಹೆಸರು ಅದು, ಎಳೆ ಮಕ್ಕಳಿಗೂ ಗೊತ್ತಾಗುತ್ತದೆ. ಇವರು ಅದನ್ನು ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡು ಬಂದರು.

ಇವರ ನಾಯ್ಸ್ ದ್ವೇಷ ಮನೆಯೊಳಗೆ ಮಾಡಿದ ಮೊದಲ ಅನಾಹುತ ನಮ್ಮ ಮಾವನವರದ್ದು. ಮಾವ ಬಸ್ ಓಡಿಸುತ್ತಿದ್ದರು. ಕ್ಯಾಮೆರಾ ಕಂಡರೆ ಮುಖ ತಿರುಗಿಸಿಕೊಂಡು ಎದ್ದು ಹೋಗುವವರು. ಹಾಗಾಗಿ ಅವರು ತೀರಿಕೊಂಡಾಗ ಮನೆಯಲ್ಲಿ ಇದ್ದದ್ದು ಒಂದೇ ಫೋಟೋ, ಯಾರೋ ಸಹೋದ್ಯೋಗಿ ಬಸ್ ಶೆಡ್ಡಿನ ಮಬ್ಬಿನಲ್ಲಿ ತೆಗೆದದ್ದು. ಇವರು ಅದನ್ನು ಕಂಪ್ಯೂಟರಿಗೆ ಹಾಕಿ, ನಾಯ್ಸ್ ತೆಗೆಯುವ ಸಾಫ್ಟ್‌ವೇರಿನಲ್ಲಿ ಮತ್ತೆ ಮತ್ತೆ ಉಜ್ಜಿ, ದೊಡ್ಡದು ಮಾಡಿಸಿ ಹಜಾರದಲ್ಲಿ ತೂಗುಹಾಕಿದರು. ಮಾವನಿಗೆ ಚಿಕ್ಕಂದಿನಲ್ಲಿ ಸಿಡುಬು ಆಗಿತ್ತು, ಎರಡೂ ಕೆನ್ನೆಯ ತುಂಬ ಗುಳಿಗಳು. ಗೋಡೆಯ ಮೇಲಿನ ಮಾವನಿಗೆ ಒಂದು ಗುಳಿಯೂ ಇಲ್ಲ. ಸಿಪ್ಪೆ ಸುಲಿದ ಮೊಟ್ಟೆಗೆ ಮೀಸೆ ಅಂಟಿಸಿದ ಹಾಗಿದೆ. ಬಂದವರೆಲ್ಲ “ಎಷ್ಟು ಕ್ಲಿಯರ್ ಆಗಿದೆ” ಅಂದರು. ಇವರು ಉಬ್ಬಿದರು.

ಅತ್ತೆ ಮಾತ್ರ ಒಂದು ದಿನ ಅದರ ಕೆಳಗೆ ನಿಂತು ನನ್ನನ್ನು ಕರೆದು ಕೇಳಿದರು.

“ಇವರು ಯಾರಮ್ಮ?”

ವಯಸ್ಸಾಯಿತು, ಮರೆವು ಶುರುವಾಯಿತೇನೋ ಅಂದುಕೊಂಡೆ. “ಮಾವ ಅಲ್ವಾ ಅತ್ತೆ,” ಅಂದೆ.

“ಅಲ್ಲ,” ಅಂದರು ಅತ್ತೆ. “ನಾನು ಸಂಸಾರ ಮಾಡಿದ್ದು ಇವರ ಜೊತೆ ಅಲ್ಲ.”

ಅದಾದ ಮೇಲೆ ಅತ್ತೆ ತಮ್ಮ ಕೋಣೆಯ ಕಿಟಕಿಯ ಪಕ್ಕ ಕಸೂತಿಯ ದೊಡ್ಡ ಚೌಕಟ್ಟು ಹಾಕಿಸಿಕೊಂಡರು. ಹೊಲಿಗೆ ಅವರಿಗೆ ಮೊದಲಿನಿಂದಲೂ ಗೊತ್ತು, ಆದರೆ ಇಷ್ಟು ದೊಡ್ಡದನ್ನು ಎಂದೂ ಹಿಡಿದಿರಲಿಲ್ಲ. ಬೂದು ಬಣ್ಣದ ಬಟ್ಟೆ, ಮಂಚದ ಹೊದಿಕೆಯಷ್ಟು. ಸುತ್ತಲೂ ನೀಲಿ ಎಲೆಗಳ ಅಂಚು. ನಡುವಿನಲ್ಲಿ ಅದೇ ಬೂದು ಬಣ್ಣದ ದಾರದಿಂದ ಗಂಟು ಹೊಲಿಗೆ, ಸಾಸಿವೆಗಿಂತ ಸಣ್ಣ ಗಂಟುಗಳು, ಸಾವಿರಾರು. ಎದುರಿಗೆ ನಿಂತು ನೋಡಿದರೆ ಖಾಲಿ ಬಟ್ಟೆ. ಏನು ಹೊಲಿಯುತ್ತಿದ್ದಾರೆ ಅಂತ ನನಗೂ ಬಹಳ ದಿನ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಅವರಿಗೆ ಸೂಜಿಗೆ ದಾರ ಪೋಣಿಸಿಕೊಡಲು ಪಕ್ಕದಲ್ಲಿ ಕೂತೆ. ಕಿಟಕಿಯ ಬೆಳಕು ಬಟ್ಟೆಯ ಮೇಲೆ ಓರೆಯಾಗಿ ಬೀಳುತ್ತಿತ್ತು. ಒಂದೊಂದು ಗಂಟೂ ತನ್ನ ಪಕ್ಕದಲ್ಲಿ ಚೂರು ನೆರಳು ಬಿಟ್ಟಿತ್ತು. ಅಷ್ಟೂ ನೆರಳು ಸೇರಿ ಮಾವ ಕಂಡರು. ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿರುವ ಪಕ್ಕಮುಖ. ಹಣೆ, ಮೊಂಡು ಮೂಗು, ಕೆನ್ನೆ. ಕೆನ್ನೆಯಲ್ಲಿ ಗುಳಿ ಇರುವ ಕಡೆಯೆಲ್ಲ ಬರೀ ಬಟ್ಟೆ, ಅದರ ಸುತ್ತ ಗಂಟು. ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

“ಮದುವೆಯಾದ ಹೊಸದರಲ್ಲಿ ಅವರ ಬಸ್ಸಲ್ಲೇ ತವರಿಗೆ ಹೋಗಿ ಬರ್ತಿದ್ದೆ,” ಅಂದರು ಅತ್ತೆ, ತಲೆ ಎತ್ತದೆ. “ಮುಂದಿನ ಸೀಟು. ದಾರಿಯುದ್ದಕ್ಕೂ ಆ ಕೆನ್ನೆ ನೋಡೋದೇ ಕೆಲಸ. ಕಂಡಕ್ಟರ್ ರೇಗಿಸೋನು, ಅಕ್ಕ ಟಿಕೆಟ್ ತಗೊಂಡಿದ್ದು ಊರಿಗೋ ಡ್ರೈವರಿಗೋ ಅಂತ. ಎದುರಿಗೆ ನಿಂತೋರಿಗೆ ಅವರು ಯಾವತ್ತು ಕಂಡಿದ್ದಾರೆ? ಪಕ್ಕದಲ್ಲಿ ಕೂತೋರಿಗೆ ಕಾಣ್ತಿದ್ರು.”

ನಗರದ ಕಲಾಭವನದಲ್ಲಿ ಕೈಹೊಲಿಗೆಯ ಪ್ರದರ್ಶನ ಇದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಮೊದಲು ಫೋಟೋ ಕಳಿಸಬೇಕು, ಫೋಟೋ ನೋಡಿ ಆರಿಸುತ್ತಾರೆ. ಅತ್ತೆಗೆ ಹೇಳಿದೆ. ಜೀವನದಲ್ಲಿ ಯಾವುದನ್ನೂ ಬೇಕು ಅಂತ ಕೇಳದ ಹೆಂಗಸು, ಅಂದು ಬೇಕು ಅಂದರು. ನಾಲ್ಕು ಜನರ ಮುಂದೆ ಅವರ ಗಂಡ ಇದ್ದ ಹಾಗೆಯೇ ಕಾಣಬೇಕು, ಅದನ್ನು ಮಗ ಅಲ್ಲಿ ನಿಂತು ನೋಡಬೇಕು. ಅವರ ಕಣ್ಣು ಮಬ್ಬಾಗುತ್ತಾ ಬಂದಿತ್ತು, ಇನ್ನೊಂದು ಇಂಥದ್ದನ್ನು ಹೊಲಿಯುವ ಮಾತೇ ಇರಲಿಲ್ಲ.

“ಫೋಟೋ ಅವನೇ ತೆಗೀಲಿ,” ಅಂದರು. “ಆದರೆ ಅದರಲ್ಲಿ ಏನಿದೆ ಅಂತ ನೀನು ಹೇಳಬೇಡ. ಅವನೇ ನೋಡ್ಲಿ.”

“ನಾನೇ ತೆಗೀತೀನಿ ಅತ್ತೆ. ಕಿಟಕಿ ಬೆಳಕಲ್ಲಿ ಚೆನ್ನಾಗಿ ಬರುತ್ತೆ.”

“ಅವನಪ್ಪ ಕಣಮ್ಮ,” ಅಂದರು. ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಇವರಿಗೆ ಹೇಳಿದರೆ ಮೊದಲು ಮೂಗು ಮುರಿದರು. ಹೊಲಿಗೆಯ ಫೋಟೋ ತೆಗೆಯುವುದು ಗುರುಗಳ ಅಂತಸ್ತಿಗೆ ಸಾಲದು. ಆಮೇಲೆ ಚೌಕಟ್ಟಿನ ಮುಂದೆ ನಿಂತು ಬಟ್ಟೆ ನೋಡಿದ್ದೇ ಕಣ್ಣು ಅರಳಿತು. ಅತ್ತೆಯ ಮುಖವೂ ಅರಳಿತು, ಪಾಪ.

“ಇಷ್ಟು ಸಮನಾದ ಬೂದು ನನಗೆ ಎಲ್ಲೂ ಸಿಕ್ಕಿರ್ಲಿಲ್ಲ,” ಅಂದರು ಇವರು. “ನಾಯ್ಸ್ ಟೆಸ್ಟಿಗೆ ಹೇಳಿ ಮಾಡಿಸಿದ ಹಾಗಿದೆ.”

ಹೊಸ ಕ್ಯಾಮೆರಾ ಬಂದು ವಾರವಾಗಿತ್ತು. ವೃತ್ತಿಯವರು ಬಳಸುವ ದೊಡ್ಡ ಕ್ಯಾಮೆರಾ, ಮಗು ಹುಟ್ಟಿದ ಹಾಗೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಿದ್ದರು. ಅದರ ಬಗ್ಗೆ ಕೂಟದಲ್ಲಿ ಇವರ ಭಾಷಣ ಇತ್ತು. ಮೊಲದ ಕೂದಲು ಅಡ್ಡ ಬರುತ್ತದೆ, ಏನೂ ಇಲ್ಲದ ಬೂದು ಹಿನ್ನೆಲೆ ಬೇಕು ಅಂತ ಗೊಣಗುತ್ತಿದ್ದವರಿಗೆ ತಾಯಿಯ ಕೋಣೆಯಲ್ಲೇ ನಿಧಿ ಸಿಕ್ಕಿತು. ಅತ್ತೆಯನ್ನು ಹೊರಗೆ ಕೂರಿಸಿದರು. ಕಿಟಕಿಗೆ ದಪ್ಪ ಪರದೆ ಎಳೆದರು. ಎರಡೂ ಬದಿಯಲ್ಲಿ ಒಂದೇ ಸಮನಾದ ದೀಪ ನಿಲ್ಲಿಸಿದರು, ಎಲ್ಲೂ ಒಂದು ಎಳೆ ನೆರಳು ಬೀಳದ ಹಾಗೆ. ಆಮೇಲೆ ಐಎಸ್‌ಒ ನೂರರಿಂದ ಶುರುಮಾಡಿ, ದೀಪ ಸಣ್ಣದು ಮಾಡುತ್ತಾ, ಸಂಖ್ಯೆ ಏರಿಸುತ್ತಾ ಹೋದರು. ಮುಂದಿನ ಕೋಣೆಯಲ್ಲಿ ನನಗೆ ಗಿರಾಕಿಗಳ ಸಾಲು, ಬಾಗಿಲು ಬಡಿಯುವಷ್ಟು ಪುರುಸೊತ್ತೂ ಇರಲಿಲ್ಲ.

ಸಂಜೆ ಒಳಗಿಂದ ಬೈಗುಳ ಕೇಳಿಸಿತು. ಐಎಸ್‌ಒ ನೂರರಲ್ಲೂ ಚುಕ್ಕೆ ಇದೆಯಂತೆ. ಇಷ್ಟು ದೊಡ್ಡ ಕ್ಯಾಮೆರಾದಲ್ಲಿ, ನೂರರಲ್ಲಿ, ಬೂದು ಜಾಗದ ನಟ್ಟನಡುವೆ. ಮರುದಿನ ಕ್ಯಾಮೆರಾ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಜಗಳಕ್ಕೆ ಹೋದರು. ಅಂಗಡಿಯವನು ತನ್ನ ಬಿಳಿ ಗೋಡೆಯ ಫೋಟೋ ತೆಗೆದು, ಎಳ್ಳಷ್ಟೂ ಚುಕ್ಕೆ ಇಲ್ಲ ಅಂತ ತೋರಿಸಿದ. ಇವರು ಅವನಿಗೆ ಕಣ್ಣಿಲ್ಲ ಅಂತ ತೀರ್ಮಾನ ಮಾಡಿಕೊಂಡು ಬಂದರು.

“ಅತ್ತೆ ಬಟ್ಟೆಯ ಫೋಟೋ ಕಳಿಸಿದ್ರಾ?” ಅಂತ ಕೇಳಿದೆ.

“ಕಳಿಸಾಯ್ತು. ನೀನು ತಲೆ ತಿನ್ನಬೇಡ.”

ಕೂಟದ ಭಾಷಣಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಹೆಂಡತಿಯ ಮೇಲಿನ ಪ್ರೀತಿಗಲ್ಲ, ಕಂಪ್ಯೂಟರಿನಲ್ಲಿ ಚಿತ್ರ ಬದಲಿಸಲು ಒಬ್ಬರು ಬೇಕಿತ್ತು. ಒಂದು ಶಾಲೆಯ ಖಾಲಿ ಕೋಣೆ. ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತ ದೊಡ್ಡ ಗಂಡಸರು, ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಕ್ಯಾಮೆರಾ ಚೀಲ. ಇವರು ಕೋಲು ಹಿಡಿದು ಪರದೆಯ ಪಕ್ಕ ನಿಂತರು. ನಾನು ಮೊದಲ ಚಿತ್ರ ಹಾಕಿದೆ. ಐಎಸ್‌ಒ ನೂರು. ಇವರು ಸೂಚಿಸಿದ ಹಾಗೆ ನಡುವಿನ ಭಾಗವನ್ನು ದೊಡ್ಡದು ಮಾಡಿದೆ.

ಪರದೆಯ ತುಂಬ ಮಾವನ ಕೆನ್ನೆ.

“ನೋಡಿ ಈ ಕೊಳೆ,” ಅಂತ ಇವರು ಕೋಲಿನ ತುದಿಯಿಂದ ಅದನ್ನು ಕುಟ್ಟಿದರು. “ಇದು ಮಾಮೂಲಿ ನಾಯ್ಸ್ ಅಲ್ಲ. ಮಾಮೂಲಿ ನಾಯ್ಸ್ ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತೆ. ಇದು ನೂರರಿಂದ ಕೊನೇವರೆಗೂ ಇದ್ದಲ್ಲೇ ಇದೆ. ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರಿನ ದೋಷ. ಕಂಪನಿಯವರು ಮುಚ್ಚಿಟ್ಟಿದ್ದನ್ನ ನಾನು ಹೊರಗೆ ಹಾಕ್ತಿದೀನಿ.”

ಬೆಂಚುಗಳಲ್ಲಿ ತಲೆಗಳು ಅಲ್ಲಾಡಿದವು. ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಕಿರಿದು ಮಾಡಿ, “ದೂರದಿಂದ ಯಾರದೋ ಮುಖ ಇದ್ದ ಹಾಗಿದೆ ಗುರುಗಳೇ,” ಅಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಚಿತ್ರದಲ್ಲಿ ಮನುಷ್ಯ ಇರಬಹುದು ಅನ್ನುವುದೇ ಆ ಕೋಣೆಯಲ್ಲಿ ನಗುವ ವಿಷಯ.

ಆಮೇಲೆ ಇವರು ಕೊನೆಯ ಚಿತ್ರ ಹಾಕಲು ಹೇಳಿದರು. ಐಎಸ್‌ಒ ಇಪ್ಪತ್ತೈದು ಸಾವಿರ ದಾಟಿಸಿ ತೆಗೆದದ್ದು, ಮರಳೋ ಮರಳು. ಅದರ ಪಕ್ಕದಲ್ಲಿ ಅದನ್ನೇ ಇವರು ಉಜ್ಜಿ ತೊಳೆದದ್ದು. ನೀಲಿ ಅಂಚು ನೀಟಾಗಿ ನಿಂತಿತ್ತು. ನಡುವೆ ಏನೂ ಇರಲಿಲ್ಲ. ಕೆರೆಯ ನೀರು ನಿಂತ ಹಾಗೆ ನುಣ್ಣನೆಯ ಬೂದು.

“ಇದು ಇಷ್ಟು ಎತ್ತರದ ಐಎಸ್‌ಒ ಅಂತ ಯಾರಾದ್ರೂ ಹೇಳ್ತೀರಾ?” ಅಂದರು ಇವರು. “ಹೇಳಕ್ಕಾಗಲ್ಲ. ಪಂಥ ಕಟ್ಟಿ ಇದನ್ನೇ ಒಂದು ಪ್ರದರ್ಶನಕ್ಕೆ ಕಳಿಸಿದೀನಿ.”

ಚಪ್ಪಾಳೆ ಬಿತ್ತು. ನನಗೆ ಮೈ ಉರಿದುಹೋಯಿತು. ನೂರರಲ್ಲಿ ತೆಗೆದ ಒಳ್ಳೆಯ ಚಿತ್ರ ಕೈಯಲ್ಲಿದ್ದೂ, ತನ್ನ ತೊಳೆಯುವ ಚಾತುರ್ಯ ಮೆರೆಸಲು ಅದನ್ನು ಬಿಟ್ಟು ಇದನ್ನು ಕಳಿಸಿದ ಮನುಷ್ಯನಿಗೆ ನಾನು ಇಷ್ಟು ವರ್ಷ ಬಹುವಚನ ಹಚ್ಚಿ ಮಾತಾಡಿಕೊಂಡು ಬಂದಿದ್ದೇನೆ.

ಮನೆಗೆ ನಡೆಯುವಾಗ ಕೇಳಿದೆ. “ರೀ, ನಿಮಗೆ ಅಲ್ಲಿ ಏನೂ ಕಾಣಿಸ್ಲಿಲ್ವಾ?”

“ಕಾಣಿಸ್ತಲ್ಲ. ನಾಯ್ಸ್.”

ಅತ್ತೆಗೆ ಕೊಟ್ಟ ಮಾತು ಅಲ್ಲಿಗೆ ಬಿಟ್ಟೆ. “ಅದು ಗಂಟು ಹೊಲಿಗೆ. ನಿಮ್ಮ ಅಪ್ಪನ ಮುಖ.”

ಇವರು ಪಾದಚಾರಿ ದಾರಿಯ ಮೇಲೆ ನಿಂತು ನಕ್ಕರು. “ಚುಕ್ಕೆ ನೋಡ್ತಾ ಕೂತ್ರೆ ಮೋಡದಲ್ಲೂ ಮುಖ ಕಾಣುತ್ತೆ ಕಣೇ. ನಿನ್ನಂಥೋರಿಗೇ ಟೆಸ್ಟ್ ಬೇಕು ಅನ್ನೋದು. ಅಮ್ಮ ಅಂಚು ಮುಗಿಸಿ ನಡುವೆ ಹಾಗೇ ಬಿಟ್ಟಿದಾಳೆ, ಅಷ್ಟೇ. ನಾನೇ ಕಣ್ಣಾರೆ ನೋಡಿದೀನಲ್ಲ.”

ಕಣ್ಣಾರೆ ನೋಡಿದ್ದು ಎದುರಿಗೆ ನಿಂತು, ಆಮೇಲೆ ಕಿಟಕಿಗೆ ಪರದೆ ಎಳೆದು. ಅದನ್ನು ಹೇಳಿದರೂ ಗೋಡೆಗೆ ಹೇಳಿದ ಹಾಗೆ. ಬೆಳಗಾದ ಮೇಲೆ ನಾನೇ ಬೇರೆ ಫೋಟೋ ತೆಗೆದು ಕಳಿಸಿದರಾಯಿತು ಅಂದುಕೊಂಡೆ.

ಬೆಳಗಾಗುತ್ತಲೇ ಕಲಾಭವನದಿಂದ ಫೋನ್ ಬಂತು. ಅತ್ತೆಯ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಪ್ರದರ್ಶನ ನೋಡಿಕೊಳ್ಳುವ ಮೇಡಂ ಮಾತಾಡಿದರು. ಒರಟು ಹೆಂಗಸೇನಲ್ಲ, ಮೆತ್ತಗೇ ಹೇಳಿದರು.

“ಅಮ್ಮ, ನಿಮ್ಮ ಅಂಚಿನ ಕೆಲಸ ತುಂಬ ಚೆನ್ನಾಗಿದೆ. ಆದರೆ ನಡುವಿನದ್ದು ಖಾಲಿ ಬಿಟ್ಟಿದೀರಲ್ಲ. ಮುಗಿಸದೇ ಇರೋದನ್ನ ನಾವು ತಗೊಳ್ಳೋ ಹಾಗಿಲ್ಲ. ಮುಂದಿನ ಸಲ ಮುಗಿಸಿ ಕಳಿಸಿ.”

ಅತ್ತೆ ಫೋನನ್ನೇ ನೋಡುತ್ತಾ ಕೂತರು. ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಸವರುತ್ತಿತ್ತು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿ. ಖಾಲಿ ಅನ್ನುವ ಮಾತು ಅವರಿಗೆ ಎಲ್ಲಿ ತಗುಲಿತು ಅಂತ ನನಗೆ ಕಂಡಿತು. ಮುಂದಿನ ಸಲ ಅನ್ನುವುದು ಅವರ ಕಣ್ಣಿಗೆ ಉಳಿದಿರಲಿಲ್ಲ. ನಾನು ಫೋನಿಗೆ ಬಗ್ಗಿದೆ.

“ಮೇಡಂ, ಫೋಟೋ ಸರಿ ಬಂದಿಲ್ಲ. ನಡುವೆ ಒಂದು ಮುಖ ಇದೆ. ಬಟ್ಟೆಯನ್ನೇ ತಂದು ತೋರಿಸ್ತೀವಿ.”

ಅವರು ಸ್ವಲ್ಪ ಯೋಚಿಸಿ, “ಇವತ್ತು ಆಯ್ಕೆ ಮುಗಿಯುತ್ತೆ. ಮಧ್ಯಾಹ್ನದೊಳಗೆ ತನ್ನಿ,” ಅಂದರು.

ಚೌಕಟ್ಟಿನಿಂದ ಬಟ್ಟೆ ಬಿಚ್ಚುವಾಗ ಇವರು ಬಂದರು. ವಿಷಯ ತಿಳಿದು ಹುಬ್ಬು ಗಂಟಿಕ್ಕಿದರು. ಫೋಟೋ ಸರಿ ಬಂದಿಲ್ಲ ಅಂತ ನಾನು ಹೊರಗಿನವರ ಮುಂದೆ ಹೇಳಿದ್ದು ಇವರಿಗೆ ದೊಡ್ಡ ಅವಮಾನ. “ನಾನೂ ಬರ್ತೀನಿ. ಆ ಮೇಡಂಗೆ ಐಎಸ್‌ಒ ಅಂದ್ರೆ ಏನು ಅಂತ ಯಾರಾದ್ರೂ ಹೇಳ್ಬೇಕಲ್ಲ,” ಅಂದರು. ಕ್ಯಾಮೆರಾ ಚೀಲ ಹೆಗಲಿಗೇರಿಸಿದರು. ಬಟ್ಟೆಯ ಗಂಟು ನಾನು ಹೊತ್ತೆ, ಅತ್ತೆ ನನ್ನ ತೋಳು ಹಿಡಿದರು. ಬಸ್ಸಿನಲ್ಲಿ ಇವರು ಬೆಳಕು, ಸೆನ್ಸರು, ಸಾಫ್ಟ್‌ವೇರು ಅಂತ ಇಳಿಯುವವರೆಗೂ ಪಾಠ ಹೇಳಿದರು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ಕಲಾಭವನದ ಉದ್ದ ಕೋಣೆಯಲ್ಲಿ ಮೇಜುಗಳ ಮೇಲೆ ಬಟ್ಟೆಗಳ ರಾಶಿ. ಮೇಡಂ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು, ಕನ್ನಡಕ ತಲೆಗೇರಿಸಿಕೊಂಡು ಓಡಾಡುತ್ತಿದ್ದರು. ಇವರು ಮುಂದೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಒಂದು ತುದಿ ನನಗೆ ಕೊಟ್ಟು, ಕಿಟಕಿಯ ಪಕ್ಕಕ್ಕೆ ನಡೆದರು. ಇಬ್ಬರೂ ಬಿಡಿಸಿ ಹಿಡಿದೆವು. ಬೆಳಕು ಓರೆಯಾಗಿ ಬಂತು.

ಮೇಡಂ ಕನ್ನಡಕ ಇಳಿಸಿಕೊಂಡರು. ಒಂದು ಹೆಜ್ಜೆ ಪಕ್ಕಕ್ಕೆ ಹೋದರು. ಅವರ ಬೆರಳು ಬಟ್ಟೆಗೆ ತಗುಲದೆ ಗಾಳಿಯಲ್ಲೇ ಆ ಕೆನ್ನೆಯ ಮೇಲೆ ಓಡಾಡಿತು.

“ಸಿಡುಬು ಆಗಿತ್ತಾ ಇವರಿಗೆ?”

“ಹೂಂ,” ಅಂದರು ಅತ್ತೆ.

“ಗುಳಿಯನ್ನ ಹೊಲಿಯದೇ ಬಿಟ್ಟು ತೋರಿಸಿದೀರ.” ಮೇಡಂ ಆಚೆ ಮೇಜಿನಲ್ಲಿದ್ದ ಇಬ್ಬರನ್ನು ಕರೆದರು. ಅವರೂ ಬಂದು ಪಕ್ಕದಲ್ಲಿ ನಿಂತು ನೋಡಿದರು. ಆಮೇಲೆ ಮೇಡಂ ಅತ್ತೆಯ ಎರಡೂ ಕೈ ಹಿಡಿದುಕೊಂಡು, “ಇದನ್ನ ಇಲ್ಲೇ ಬಿಟ್ಟು ಹೋಗಿ. ಬಾಗಿಲ ಎದುರಿನ ಗೋಡೆಗೆ, ಕಿಟಕಿ ಪಕ್ಕದಲ್ಲಿ ಹಾಕ್ತೀವಿ,” ಅಂದರು.

ನಾನು ತಿರುಗಿ ಇವರನ್ನು ನೋಡಿದೆ. ಚೀಲದ ಪಟ್ಟಿ ಹೆಗಲಿಂದ ಜಾರಿ ಮೊಣಕೈಗೆ ಬಂದಿತ್ತು, ಎತ್ತಿಕೊಂಡಿರಲಿಲ್ಲ. ಮೂಗನ್ನು ನೋಡಿದರು, ಕೆನ್ನೆಯನ್ನು ನೋಡಿದರು, ಮತ್ತೆ ಕೆನ್ನೆಯನ್ನೇ ನೋಡಿದರು. ಗುರುತು ಸಿಕ್ಕಿತ್ತು. ಈ ಮನುಷ್ಯನ ಮೇಲೆ ನನಗೆ ಕನಿಕರ ಹುಟ್ಟುವುದರಲ್ಲಿತ್ತು. ಈಗ ಅಪ್ಪ ಅನ್ನುತ್ತಾರೆ, ಅಮ್ಮನ ಹತ್ತಿರ ಹೋಗುತ್ತಾರೆ ಅಂತ ಕಾದೆ. ಅತ್ತೆಯೂ ಕಾಯುತ್ತಿದ್ದರು. ಬಟ್ಟೆಯನ್ನಲ್ಲ, ಮಗನ ಮುಖವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಮೇಡಂ ಮೇಜಿನಿಂದ ಆ ಫೋಟೋದ ಪ್ರತಿ ಎತ್ತಿಕೊಂಡು ಬಂದರು. ಬಟ್ಟೆಯ ಪಕ್ಕ ಹಿಡಿದು, ಇದನ್ನೂ ಅದನ್ನೂ ನೋಡಿ, ಕೆಟ್ಟ ವಾಸನೆ ಮೂಗಿಗೆ ಬಡಿದವರ ಹಾಗೆ ಮುಖ ಮಾಡಿದರು.

“ಇಷ್ಟು ಕೆಲಸವನ್ನ ಹೀಗೆ ಒರೆಸಿ ಹಾಕೋದಕ್ಕೂ ಒಂದು ಯೋಗ್ಯತೆ ಬೇಕು. ಯಾರು ತೆಗೆದಿದ್ದು ಇದನ್ನ?”

ಚೀಲದ ಪಟ್ಟಿ ಮೇಲಕ್ಕೆ ಹೋಯಿತು. ಇವರು ಗಂಟಲು ಸರಿಮಾಡಿಕೊಂಡರು.

“ಯಾರೋ ಹೊರಗಿನವನು ಮೇಡಂ,” ಅಂದರು. “ಸ್ಟುಡಿಯೋದವನು. ನಮಗೂ ಅಷ್ಟು ಪರಿಚಯ ಇಲ್ಲ.”

ಮೇಡಂ ಹೌದಾ ಅನ್ನುವಂತೆ ಅತ್ತೆಯ ಕಡೆ ನೋಡಿದರು. ಅತ್ತೆ ಮಗನ ಮೇಲಿಂದ ಕಣ್ಣು ತೆಗೆದು, ಸೆರಗು ಸರಿಮಾಡಿಕೊಂಡು, ಬಟ್ಟೆಯ ಕಡೆಗೆ ತಿರುಗಿದರು.

“ಹೌದಮ್ಮ,” ಅಂದರು. “ಹೊರಗಿನವನೇ.”